ಪ್ರೀತಿಸಲು ಪುನರ್ಜನ್ಮವೇ ಬೇಕೆ?

2018ರ ಆಗಸ್ಟ್‌ನಲ್ಲಿ ಝೀ ಮರಾಠಿ ವಾಹಿನಿಯಲ್ಲಿ ‘ತುಲಾ ಪಾಹತೇ ರೇ’ ಶುರುವಾಯಿತು. ನಲವತ್ತು ದಾಟಿದ ಉದ್ಯಮಿ ವಿಕ್ರಾಂತ್ ಸರಂಜಾಮೆಯಾಗಿ ಸುಬೋಧ್ ಭಾವೆ, ಇಪ್ಪತ್ತರ ಹುಡುಗಿ ಈಶಾ ಆಗಿ ಗಾಯತ್ರಿ ದಾತಾರ್. ಮರುವರ್ಷದ ಸೆಪ್ಟೆಂಬರ್‌ನಲ್ಲಿ ಅದೇ ಕಥೆ ಝೀ ಕನ್ನಡದಲ್ಲಿ ‘ಜೊತೆ ಜೊತೆಯಲಿ’ ಆಯಿತು. ಇಲ್ಲಿ ಆರ್ಯವರ್ಧನನಾಗಿ ಅನಿರುದ್ಧ, ಅನು ಸಿರಿಮನೆಯಾಗಿ ಮೇಘಾ ಶೆಟ್ಟಿ. ಮರಾಠಿ, ಕನ್ನಡ ಎರಡೂ ಬಲ್ಲ, ಮುಂಬೈಯ ಪವಾಯಿ, ಭಾಂಡೂಪ್, ಕಾಂಜೂರ್‌ಮಾರ್ಗದ ಕನ್ನಡ ಮನೆಗಳಿಗೆ ಈ ಕಥೆ ಹೊಸದೇನೂ ಆಗಿರಲಿಲ್ಲ. ಮುಂದೇನಾಗುತ್ತದೆ ಎಂದು ಮೊದಲೇ ತಿಳಿದಿದ್ದರೂ ರಾತ್ರಿ ಊಟದ ಹೊತ್ತಿಗೆ ಟಿವಿಯ ಮುಂದೆ ಕೂರುವವರು ಕಡಿಮೆಯಾಗಲಿಲ್ಲ.

ತಂದೆಯ ವಯಸ್ಸಿನವನನ್ನು ಮಗಳು ಪ್ರೀತಿಸುವ ಕಥೆಯನ್ನು ಅಪ್ಪ, ಅಮ್ಮ, ಅಜ್ಜಿ, ಮೊಮ್ಮಗಳು ಒಂದೇ ಸೋಫಾದಲ್ಲಿ ಕೂತು ನೋಡಿದರು. ಇದು ಸಾಧ್ಯವಾದದ್ದು ಹೇಗೆ? ಉತ್ತರ ಕಥೆಯ ಅರ್ಧ ದಾರಿಯಲ್ಲಿ ಸಿಗುತ್ತದೆ. ನಾಯಕಿ ಬೇರೆ ಯಾರೂ ಅಲ್ಲ, ನಾಯಕನ ಸತ್ತುಹೋದ ಮೊದಲ ಹೆಂಡತಿ ರಾಜನಂದಿನಿಯೇ ಮತ್ತೆ ಹುಟ್ಟಿ ಬಂದಿದ್ದಾಳೆ! ಇಪ್ಪತ್ತು ವರ್ಷಕ್ಕೂ ಮಿಕ್ಕಿದ ಅಂತರ ಆ ಒಂದು ಮಾತಿನಲ್ಲಿ ಕರಗುತ್ತದೆ.

ವಯಸ್ಸಾದ ಮೇಲೂ ಉಳಿಯುವ ಆಸೆಯ ಬಗ್ಗೆ, ವಯಸ್ಸಿನ ಅಂತರ ಮೀರಿದ ಸಂಬಂಧದ ಬಗ್ಗೆ ನಮ್ಮ ಸಿನಿಮಾ, ಧಾರಾವಾಹಿಗಳು ಮಾತನಾಡದೆ ಇಲ್ಲ. ಆದರೆ ನೇರವಾಗಿ ಮಾತನಾಡುವುದು ಅಪರೂಪ. ಪ್ರತಿ ಸಲವೂ ಒಂದು ಪರವಾನಗಿ ಬೇಕು. ಯಶ್ ಚೋಪ್ರಾ 1991ರಲ್ಲಿ ತೆಗೆದ ‘ಲಮ್ಹೆ’ಯಲ್ಲಿ ಅನಿಲ್ ಕಪೂರ್ ಪಾತ್ರವನ್ನು ಪ್ರೀತಿಸುವ ಹುಡುಗಿ, ಅವನು ಹಿಂದೆ ಪ್ರೀತಿಸಿದ್ದ ಹೆಣ್ಣಿನ ಮಗಳು. ತಾಯಿ, ಮಗಳು ಇಬ್ಬರೂ ಶ್ರೀದೇವಿಯೇ. ಮುಖ ಒಂದೇ ಎಂಬುದು ಅಲ್ಲಿನ ಪರವಾನಗಿ. ಅಷ್ಟಾದರೂ ಭಾರತದ ಪ್ರೇಕ್ಷಕ ಆ ಚಿತ್ರವನ್ನು ಒಪ್ಪಲಿಲ್ಲ. ಹೊರದೇಶಗಳಲ್ಲಿ ಅದು ಚೆನ್ನಾಗಿ ಓಡಿತು.

2007ರಲ್ಲಿ ಅಮಿತಾಭ್ ಬಚ್ಚನ್ ಅವರಿಗೆ 64 ವರ್ಷ. ಮಾರ್ಚ್‌ನಲ್ಲಿ ರಾಮ್ ಗೋಪಾಲ್ ವರ್ಮಾ ಅವರ ‘ನಿಶ್ಶಬ್ದ್’, ಮೇ ತಿಂಗಳಲ್ಲಿ ಆರ್. ಬಾಲ್ಕಿ ಅವರ ‘ಚೀನಿ ಕಮ್’ ತೆರೆಕಂಡವು. ಮೊದಲನೆಯದರಲ್ಲಿ ಮಗಳ ಗೆಳತಿಯ ಮೇಲೆ ಮನಸ್ಸಿಟ್ಟ ಮುದುಕ ಎಲ್ಲವನ್ನೂ ಕಳೆದುಕೊಂಡು ಒಂಟಿಯಾಗುತ್ತಾನೆ, ಚಿತ್ರವೂ ನೆಲಕಚ್ಚಿತು. ಎರಡನೆಯದರಲ್ಲಿ ಲಂಡನ್ನಿನ 64ರ ಬಾಣಸಿಗ, 34ರ ತಬುವನ್ನು ಮದುವೆಯಾಗಲು ಹೊರಡುತ್ತಾನೆ. ಹುಡುಗಿಯ ಅಪ್ಪ ಅಳಿಯನಾಗುವವನಿಗಿಂತ ಚಿಕ್ಕವನು, ಮದುವೆ ಬೇಡವೆಂದು ಉಪವಾಸ ಕೂರುತ್ತಾನೆ. ಇಲ್ಲಿ ನಗುವೇ ಪರವಾನಗಿ. ಇದು ಗೆದ್ದಿತು.

‘ಚೀನಿ ಕಮ್’ ನೋಡುತ್ತ ಕನ್ನಡಿಗರ ಕಿವಿ ಒಂದು ಕಡೆ ಥಟ್ಟನೆ ನೆಟ್ಟಗಾಗುತ್ತದೆ. ಇಳಯರಾಜಾ ತಮ್ಮ ಹಳೆಯ ರಾಗಗಳನ್ನೇ ಆ ಚಿತ್ರಕ್ಕೆ ಹೊಸದಾಗಿ ಕಟ್ಟಿಕೊಟ್ಟರು. ಅವುಗಳಲ್ಲೊಂದು ಶಂಕರ್ ನಾಗ್ 1981ರಲ್ಲಿ ನಿರ್ದೇಶಿಸಿದ ‘ಗೀತಾ’ ಚಿತ್ರದ ಜನಪ್ರಿಯ ಯುಗಳಗೀತೆಯ ರಾಗ. ಝೀ ಕನ್ನಡದ ಧಾರಾವಾಹಿಯ ಹೆಸರು ನೆನಪಿಸುವುದೂ ಅದೇ ಹಾಡನ್ನು. ಹರೆಯದ ಜೋಡಿಗಾಗಿ ಹುಟ್ಟಿದ ರಾಗ, ಕಾಲು ಶತಮಾನದ ನಂತರ ನರೆತ ಗಡ್ಡದ ನಾಯಕನಿಗೂ ಒಪ್ಪಿತು. ರಾಗಕ್ಕೆ ಇಲ್ಲದ ಸಂಕೋಚ ಕಥೆ ಬರೆಯುವವರಿಗೆ ಯಾಕೆ ಎಂದು ಕೇಳಬೇಕೆನಿಸುತ್ತದೆ.

ಮುಂಬೈಯದೇ ಕಥೆ ಬೇಕೆಂದರೆ 2003ರ ‘ಜಾಗರ್ಸ್ ಪಾರ್ಕ್’ ಇದೆ. ಬಾಂದ್ರಾದ ಕಡಲಂಚಿನ ಉದ್ಯಾನದಲ್ಲಿ ನಡೆಯಲು ಬರುವ ನಿವೃತ್ತ ನ್ಯಾಯಮೂರ್ತಿ (ವಿಕ್ಟರ್ ಬ್ಯಾನರ್ಜಿ) ಮತ್ತು ಒಬ್ಬ ಯುವತಿಯ (ಪೆರಿಜಾದ್ ಜೊರಾಬಿಯನ್) ಸ್ನೇಹ ಪ್ರೀತಿಯಾಗುತ್ತದೆ. ಮನೆತನದ ಮರ್ಯಾದೆಯ ಪ್ರಶ್ನೆ ಬಂದಾಗ ನ್ಯಾಯಮೂರ್ತಿ ಹಿಂದೆ ಸರಿಯುತ್ತಾರೆ. ನಿರ್ದೇಶಕ ಅನಂತ್ ಬಾಲಾನಿ ಚಿತ್ರ ತೆರೆಕಾಣುವ ಮೊದಲೇ ತೀರಿಕೊಂಡರು.

ಬಾಂದ್ರಾದ ಆ ಉದ್ಯಾನಕ್ಕೆ ಉಪನಗರದ ಆಚೆ ತುದಿಯಲ್ಲೊಂದು ಜೋಡಿಯಿದೆ, ಪವಾಯಿ ಕೆರೆಯ ದಂಡೆ. ನಗರಕ್ಕೆ ನೀರು ಕೊಡಲೆಂದು ಬ್ರಿಟಿಷರು 1891ರಲ್ಲಿ ಕಟ್ಟಿದ ಕೆರೆ ಇದು. ನೀರು ಕುಡಿಯಲು ತಕ್ಕುದಲ್ಲವೆಂದು ಬಿಟ್ಟ ಮೇಲೂ ಕೆರೆ ಉಳಿಯಿತು. 1958ರಲ್ಲಿ ಅದರ ದಡಕ್ಕೆ ಐಐಟಿ ಬಂತು, ಆಮೇಲೆ ಹಿರಾನಂದಾನಿಯ ಎತ್ತರದ ಕಟ್ಟಡಗಳು ಎದ್ದವು. ಸಂಜೆ ಇಲ್ಲಿ ನಡೆಯಲು ಬರುವವರಲ್ಲಿ ಬ್ಯಾಂಕು, ಕಾರ್ಖಾನೆ, ಹೋಟೆಲುಗಳಲ್ಲಿ ದುಡಿದು ದಣಿದ ಹಿರಿಯ ಜೀವಗಳು ಬಹಳ. ಮಕ್ಕಳು ಅಮೆರಿಕದಲ್ಲೋ ಬೆಂಗಳೂರಿನಲ್ಲೋ ಇರುತ್ತಾರೆ. ಸಂಗಾತಿಯನ್ನು ಕಳೆದುಕೊಂಡವರಿಗೆ ಹದಿನಾಲ್ಕನೇ ಮಹಡಿಯ ಫ್ಲ್ಯಾಟ್‌ನಲ್ಲಿ ಮಾತನಾಡಲು ಟಿವಿ ಬಿಟ್ಟರೆ ಮನೆಕೆಲಸಕ್ಕೆ ಬರುವ ಬಾಯಿ ಮಾತ್ರ. ಬೆಂಚಿನ ಮೇಲೆ ಇಬ್ಬರು ದಿನವೂ ಜತೆಯಾಗಿ ಕೂತರೆ ಸೊಸೈಟಿಯಲ್ಲಿ ಮಾತು ಹುಟ್ಟಲು ವಾರ ಬೇಡ. ಗಂಡಸು ವಿಧುರನಾಗಿದ್ದರೆ ‘ಪಾಪ, ಅವರಿಗೂ ಯಾರಾದರೂ ಬೇಕಲ್ಲ’ ಎನ್ನುತ್ತಾರೆ. ಹೆಂಗಸಾದರೆ ‘ಮೊಮ್ಮಕ್ಕಳನ್ನು ನೋಡಿಕೊಂಡು ಇರೋದು ಬಿಟ್ಟು ಈ ವಯಸ್ಸಿನಲ್ಲಿ…’ ಎಂದು ಮಾತನ್ನು ಅರ್ಧಕ್ಕೇ ನಿಲ್ಲಿಸುತ್ತಾರೆ.

ಆ ಅರ್ಧಕ್ಕೆ ನಿಂತ ಮಾತನ್ನು ಪೂರ್ತಿ ಮಾಡಿದ ಚಿತ್ರ ‘ಲಿಪ್‌ಸ್ಟಿಕ್ ಅಂಡರ್ ಮೈ ಬುರ್ಖಾ’. ಭೋಪಾಲದ 55ರ ವಿಧವೆ ಉಷಾಳನ್ನು ಊರೆಲ್ಲ ‘ಬುವಾಜಿ’ ಎಂದೇ ಕರೆಯುತ್ತದೆ. ಅವಳಿಗೊಂದು ಹೆಸರಿದೆ ಎಂಬುದು ಅವಳಿಗೇ ಮರೆತುಹೋಗಿರುತ್ತದೆ. ಧಾರ್ಮಿಕ ಪುಸ್ತಕದೊಳಗೆ ಶೃಂಗಾರ ಕಾದಂಬರಿ ಅಡಗಿಸಿಟ್ಟು ಓದುವ ಈಕೆ ಈಜು ಕಲಿಸುವ ಯುವಕನ ಜತೆ ಹೆಸರು ಹೇಳದೆ ಫೋನಿನಲ್ಲಿ ಮಾತನಾಡುತ್ತಾಳೆ. ಗುಟ್ಟು ರಟ್ಟಾದ ದಿನ ಮನೆಯವರೇ ಅವಳ ಬಟ್ಟೆ, ಪುಸ್ತಕಗಳನ್ನು ಬೀದಿಗೆ ಎಸೆಯುತ್ತಾರೆ. ರತ್ನಾ ಪಾಠಕ್ ಶಾ ಈ ಪಾತ್ರವನ್ನು ಎಲ್ಲೂ ನಗೆಪಾಟಲು ಆಗಗೊಡುವುದಿಲ್ಲ. ಅಲಂಕೃತಾ ಶ್ರೀವಾಸ್ತವ ನಿರ್ದೇಶನದ ಈ ಚಿತ್ರಕ್ಕೆ 2017ರ ಆರಂಭದಲ್ಲಿ ಸೆನ್ಸಾರ್ ಮಂಡಳಿ ಪ್ರಮಾಣಪತ್ರ ನಿರಾಕರಿಸಿತು. ಕಥೆ ಹೆಣ್ಣಿನ ಕಡೆಗೆ ವಾಲಿದೆ, ಅದರಲ್ಲಿ ಹೆಂಗಸರ ಕನಸುಗಳಿವೆ ಎಂಬುದೂ ಅದು ಕೊಟ್ಟ ಕಾರಣಗಳಲ್ಲಿ ಸೇರಿತ್ತು. ಮೇಲ್ಮನವಿ ನ್ಯಾಯಮಂಡಳಿ ‘ಎ’ ಪ್ರಮಾಣಪತ್ರ ಕೊಡಿಸಿದ ಮೇಲೆ ಜುಲೈ 21ರಂದು ಚಿತ್ರ ತೆರೆಕಂಡಿತು. ಆ ನ್ಯಾಯಮಂಡಳಿಯನ್ನೇ 2021ರಲ್ಲಿ ರದ್ದು ಮಾಡಲಾಯಿತು.

ಇದೇನೋ ಹೊಸ ಧೈರ್ಯ ಎಂದು ಬೆರಗಾಗುವವರು ಕನ್ನಡದ ಕಡೆ ತಿರುಗಿ ನೋಡಬೇಕು. ಭಾರತೀಸುತರ ಕಾದಂಬರಿ ಆಧರಿಸಿ ಪುಟ್ಟಣ್ಣ ಕಣಗಾಲ್ ‘ಎಡಕಲ್ಲು ಗುಡ್ಡದ ಮೇಲೆ’ ತೆಗೆದದ್ದು 1973ರಲ್ಲಿ. ಯುದ್ಧದಲ್ಲಿ ಗಾಯಗೊಂಡು ದಾಂಪತ್ಯಕ್ಕೆ ಅಸಮರ್ಥನಾದ ಗಂಡ, ಅವನ ಮೇಲಿನ ಪ್ರೀತಿಗೂ ಮೈಯ ಹಸಿವಿಗೂ ನಡುವೆ ಸಿಕ್ಕಿಬಿದ್ದ ಮಾಧವಿ, ಅವಳನ್ನು ಸೆಳೆಯುವ ಹರೆಯದ ನಂಜುಂಡ. ಆಗಿನ್ನೂ ಮೂವತ್ತು ಮುಟ್ಟದ ಜಯಂತಿ, ತಮ್ಮ ಜನಪ್ರಿಯತೆ ಏನಾದೀತು ಎಂದು ಲೆಕ್ಕ ಹಾಕದೆ ಆ ಪಾತ್ರಕ್ಕೆ ಜೀವ ಕೊಟ್ಟರು. ನಂಜುಂಡನಾದ ಚಂದ್ರಶೇಖರ್ ಜೀವಮಾನವಿಡೀ ‘ಎಡಕಲ್ಲು ಚಂದ್ರಶೇಖರ್’ ಆಗಿಯೇ ಉಳಿದರು. ಇದೇ ಪುಟ್ಟಣ್ಣ ಒಂಬತ್ತು ವರ್ಷದ ನಂತರ ‘ಮಾನಸ ಸರೋವರ’ದಲ್ಲಿ ಗಂಡಸಿನ ಕಡೆಗೂ ಕ್ಯಾಮೆರಾ ತಿರುಗಿಸಿದರು. ತಾನು ಗುಣಪಡಿಸಿದ ಯುವತಿಯನ್ನು ಪ್ರೀತಿಸಿದ ಮನೋವೈದ್ಯ, ಅವಳು ತನಗಿಂತ ಕಿರಿಯನನ್ನು ಬಯಸಿದಾಗ ತಾನೇ ಹುಚ್ಚನಾಗುತ್ತಾನೆ. ಶ್ರೀನಾಥ್ ಅವರ ಆ ಕೊನೆಯ ದೃಶ್ಯಗಳು ನೋಡಿದವರಿಗೆ ಇಂದಿಗೂ ನೆನಪಿವೆ.

ಪರವಾನಗಿಯ ಪ್ರಶ್ನೆಯನ್ನು ಬುಡಸಮೇತ ಎತ್ತಿದ್ದು ಮಾತ್ರ ಗಿರೀಶ್ ಕಾಸರವಳ್ಳಿ. ಎಸ್.ಎಲ್. ಭೈರಪ್ಪನವರ ‘ನಾಯಿ ನೆರಳು’ 1968ರ ಕಾದಂಬರಿ, ಚಿತ್ರ ಬಂದದ್ದು 2006ರಲ್ಲಿ. ಮಗ ಸತ್ತು ಎರಡು ದಶಕವಾದ ಮೇಲೆ, ಬೇರೆ ಊರಿನ ಯುವಕನೊಬ್ಬ ಆ ಮಗನೇ ಆಗಿ ಹುಟ್ಟಿದ್ದಾನೆಂಬ ಸುದ್ದಿ ಬರುತ್ತದೆ. ಹೆತ್ತ ಕರುಳು ತಕ್ಷಣ ನಂಬುತ್ತದೆ. ವಿಶ್ವ ಎಂಬ ಆ ಹುಡುಗ ಮನೆಗೆ ಬರುತ್ತಾನೆ. ಮನೆಯಲ್ಲಿ ವಿಧವೆ ಸೊಸೆ ವೆಂಕಟಲಕ್ಷ್ಮಿ ಇದ್ದಾಳೆ, ಅವಳಿಗೆ ವಿಶ್ವನ ವಯಸ್ಸಿನದೇ ಮಗಳಿದ್ದಾಳೆ. ಮಗ ಮರಳಿದ್ದಾನೆಂದರೆ ಇವಳು ವಿಧವೆಯಲ್ಲ, ಮುತ್ತೈದೆ! ಇಷ್ಟು ವರ್ಷ ಅವಳ ಮೈ ಮನಸ್ಸಿನ ಕಡೆ ಕಣ್ಣೆತ್ತಿಯೂ ನೋಡದ ಮನೆ, ಈಗ ಅವಳೇ ಬೇಡವೆಂದರೂ ಅವಳನ್ನು ಹೆಂಡತಿಯಾಗಿಸುತ್ತದೆ. ಓದಿದ ಮಗಳು ಸಿಡಿದೇಳುತ್ತಾಳೆ. ಊರು ಬಿಟ್ಟು ದ್ವೀಪವೊಂದರಲ್ಲಿ ಬಾಳು ಕಟ್ಟಿದ ವೆಂಕಟಲಕ್ಷ್ಮಿ ಮತ್ತೆ ತಾಯಿಯಾಗುತ್ತಾಳೆ.

ಇವನು ನಿಜಕ್ಕೂ ಗಂಡನೆಂದು ಅವಳು ನಂಬಿದ್ದಳೆ? ಕಾದಂಬರಿಯಲ್ಲಿ ತೂಕ ಪುನರ್ಜನ್ಮದ ಒಗಟಿನ ಮೇಲಿದ್ದರೆ, ಕಾಸರವಳ್ಳಿ ಅದನ್ನು ಹೆಣ್ಣಿನ ಇಚ್ಛೆಯ ಕಡೆಗೆ ಸರಿಸಿದರು. ಮೊದಲು ಇತರರ ನಂಬಿಕೆಗೆ ತಲೆಬಾಗಿದವಳು, ಆಮೇಲೆ ಆ ನಂಬಿಕೆಯ ಹಂಗು ಬಿಟ್ಟು ತನ್ನ ಬಾಳನ್ನು ತಾನೇ ಹೊತ್ತು ನಿಲ್ಲುತ್ತಾಳೆ. ಪವಿತ್ರಾ ಲೋಕೇಶ್ ಅವರಿಗೆ ಈ ಪಾತ್ರ ಅತ್ಯುತ್ತಮ ನಟಿ ರಾಜ್ಯ ಪ್ರಶಸ್ತಿ ತಂದುಕೊಟ್ಟಿತು. ಧಾರಾವಾಹಿ ಪುನರ್ಜನ್ಮವನ್ನು ಪ್ರೇಕ್ಷಕರ ಸಮಾಧಾನಕ್ಕೆ ಬಳಸುತ್ತದೆ. ‘ನಾಯಿ ನೆರಳು’ ಅದೇ ಪುನರ್ಜನ್ಮವನ್ನು ಮುಂದಿಟ್ಟು, ಈ ಜನ್ಮದ ಹೆಣ್ಣಿಗೆ ನೀವು ಏನು ಕೊಟ್ಟಿರಿ ಎಂದು ಕೇಳುತ್ತದೆ. ಈ ವಿಷಯದ ಮೇಲೆ ಭಾರತದಲ್ಲಿ ಬಂದ ಚಿತ್ರಗಳಲ್ಲಿ ಇದಕ್ಕಿಂತ ಆಳಕ್ಕಿಳಿದದ್ದು ಇನ್ನೊಂದಿಲ್ಲ.

ತೆರೆಯ ಹೊರಗೆ ಬದುಕು ಸ್ವಲ್ಪ ಮುಂದೆ ಸಾಗಿದೆ. ದಿಲೀಪ್ ಕುಮಾರ್ 1966ರಲ್ಲಿ ಸಾಯಿರಾ ಬಾನು ಅವರನ್ನು ಮದುವೆಯಾದಾಗ ಅವರಿಗೆ 43, ಆಕೆಗೆ 22. ಮುಂಬೈ ಎಷ್ಟೋ ದಿನ ಅದನ್ನೇ ಆಡಿಕೊಂಡಿತು. ಅವರ ದಾಂಪತ್ಯ 2021ರಲ್ಲಿ ದಿಲೀಪ್ ಕುಮಾರ್ ಕಣ್ಮುಚ್ಚುವವರೆಗೆ ನಡೆಯಿತು. ಅಹಮದಾಬಾದಿನ ನಾಥುಭಾಯಿ ಪಟೇಲ್ ಹಿರಿಯರಿಗಾಗಿಯೇ ವಧೂವರರ ಸಮಾವೇಶಗಳನ್ನು ನಡೆಸುತ್ತ ಬಂದಿದ್ದಾರೆ. ಪುಣೆಯಲ್ಲಿ ಮಾಧವ ದಾಮ್ಲೆ 2012ರಲ್ಲಿ ಹಿರಿಯ ನಾಗರಿಕರ ಸಹಜೀವನಕ್ಕೆಂದು ಮಂಡಳವನ್ನೇ ಕಟ್ಟಿದರು. ಮದುವೆ ಬಿಟ್ಟು ಸಹಜೀವನ ಯಾಕೆ ಎನ್ನುವವರು ಪಿಂಚಣಿಯ ನಿಯಮ ನೋಡಬೇಕು. ಕೇಂದ್ರ ಸರ್ಕಾರಿ ನೌಕರನ ವಿಧವೆ ಮರುಮದುವೆಯಾದರೆ ಅವಳ ಕುಟುಂಬ ಪಿಂಚಣಿ ನಿಲ್ಲುತ್ತದೆ. ಮಕ್ಕಳಿಲ್ಲದವಳಿಗೆ ಮಾತ್ರ, ಅದೂ ಆದಾಯದ ಮಿತಿಯೊಳಗಿದ್ದರೆ, ವಿನಾಯಿತಿ. ಆಸ್ತಿ ಕೈತಪ್ಪೀತೆಂಬ ಮಕ್ಕಳ ಹೆದರಿಕೆ ಬೇರೆ. ಆದರೆ ಮದುವೆಯಂಥ ಸಂಬಂಧದಲ್ಲಿ ಒಂದೇ ಸೂರಿನಡಿ ಬಾಳುವ ಹೆಣ್ಣಿಗೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ರಕ್ಷಣೆ ಕೊಡುತ್ತದೆ ಎಂಬುದೂ ಹಿರಿಯರಿಗೆ ತಿಳಿದಿರಬೇಕು.

ಮುಂಬೈಯ ಕನ್ನಡ ಸಂಘಗಳು ಹಿರಿಯ ನಾಗರಿಕರ ದಿನವಾದ ಅಕ್ಟೋಬರ್ 1ರಂದು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಕಳುಹಿಸುವುದಕ್ಕಷ್ಟೇ ನಿಲ್ಲದಿರಲಿ. ಮಾಟುಂಗದಲ್ಲೋ ಪವಾಯಿಯಲ್ಲೋ ಒಂದು ಸಭಾಂಗಣ ಹಿಡಿದು ‘ನಾಯಿ ನೆರಳು’ ಅಥವಾ ‘ಎಡಕಲ್ಲು ಗುಡ್ಡದ ಮೇಲೆ’ ತೋರಿಸಲಿ. ಅಪ್ಪ ಅಮ್ಮಂದಿರ ಜತೆ ಮಕ್ಕಳನ್ನೂ ಸೊಸೆ ಅಳಿಯಂದಿರನ್ನೂ ಕರೆಯಲಿ. ಚಿತ್ರ ಮುಗಿದ ಮೇಲೆ ಒಂದು ಗಂಟೆ ಮಾತುಕತೆಗೆ ಇಡಲಿ, ಮೈಕು ಮೊದಲು ಹಿರಿಯ ಹೆಂಗಸರ ಕೈಗೆ ಹೋಗಲಿ.