ನಿಮಗಿದು ಗೊತ್ತೆ? ವಿಧಾನಸೌಧದ ಕಲ್ಲು, ಕರಾವಳಿಯ ನಂಟು

ಉಡುಪಿ, ಕಾಪು, ಕಾರ್ಕಳದ ಶಾಸಕರು ಇಂದು ಕೂರುವ ಬೆಂಗಳೂರಿನ ವಿಧಾನಸೌಧಕ್ಕೆ ಜವಾಹರಲಾಲ್ ನೆಹರೂ 1951ರ ಜುಲೈ 13ರಂದು ಅಡಿಗಲ್ಲು ಹಾಕಿದಾಗ ಈ ಊರುಗಳು ಮೈಸೂರು ರಾಜ್ಯದಲ್ಲೇ ಇರಲಿಲ್ಲ. ಇವು ಸೇರಿದ್ದ ದಕ್ಷಿಣ ಕನ್ನಡ ಆಗ ಮದ್ರಾಸ್ ರಾಜ್ಯದ ಜಿಲ್ಲೆ. ಸೌಧ ಮುಗಿದದ್ದು 1956ರಲ್ಲಿ. ಅದೇ ವರ್ಷ ನವೆಂಬರ್ 1ರಂದು ಕರಾವಳಿಯೂ ಕನ್ನಡ ರಾಜ್ಯಕ್ಕೆ ಸೇರಿತು.

ಮೊದಲಿನ ಯೋಜನೆ ಸಾಧಾರಣ ಕಟ್ಟಡದ್ದು. ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯ ಅದನ್ನು ಬದಲಿಸಿ, ನಮ್ಮ ದೇವಾಲಯಗಳ ಶಿಲ್ಪವೇ ಶಾಸನಸಭೆಯ ಮೈಯಲ್ಲಿ ಕಾಣಬೇಕೆಂದು ಹಟ ಹಿಡಿದರು. ಎಂಜಿನಿಯರ್ ಬಿ.ಆರ್. ಮಾಣಿಕ್ಯಂ ಅದನ್ನು ಸಾಕಾರಗೊಳಿಸಿದರು. ಉದ್ದ ಸುಮಾರು 700 ಅಡಿ, ಅಗಲ 350. ನಡುವಿನ ಗುಮ್ಮಟದ ವ್ಯಾಸ 60 ಅಡಿ, ನೆತ್ತಿಯಲ್ಲಿ ನಾಲ್ಕು ಸಿಂಹಗಳ ಲಾಂಛನ. ಪೂರ್ವದ ಮೊಗಸಾಲೆಗೆ 45 ಮೆಟ್ಟಿಲು, 12 ಕಂಬ. ಒಂದೊಂದು ಕಂಬವೂ 40 ಅಡಿ, ಅಂದರೆ 1432ರಲ್ಲಿ ನಿಂತ ಕಾರ್ಕಳದ ಗೊಮ್ಮಟನಿಗಿಂತ ತುಸುವೇ ಗಿಡ್ಡ!

ಬೆಂಗಳೂರಿನ ಸುತ್ತಲಿನ ಗ್ರಾನೈಟ್ ಕಡಿದು ಜೋಡಿಸಿದ ಸಾವಿರಾರು ಕೆಲಸಗಾರರಲ್ಲಿ ಜೈಲಿನ ಕೈದಿಗಳೂ ಇದ್ದರು. ಹೆಸರೇ ಉಳಿಯದ ಆ ಕಲ್ಲುಕುಟಿಗರನ್ನು ನಾವು ಇನ್ನಷ್ಟು ನೆನೆಯಬೇಕಿತ್ತು. ಖರ್ಚು ಸುಮಾರು 1.84 ಕೋಟಿ ರೂಪಾಯಿ.

ಕಾರ್ಕಳ ಕ್ಷೇತ್ರದಿಂದ ಗೆದ್ದ ಎಂ. ವೀರಪ್ಪ ಮೊಯ್ಲಿ 1992ರಿಂದ 1994ರವರೆಗೆ ಮುಖ್ಯಮಂತ್ರಿಯಾಗಿ ಈ ಸೌಧದಿಂದಲೇ ರಾಜ್ಯವಾಳಿದರು. ಈಗ ಉಡುಪಿ ಜಿಲ್ಲೆಯ ಐವರು ಶಾಸಕರಿಗೆ ಎರಡು ಸೌಧ: ಬೆಳಗಾವಿಯ ಸುವರ್ಣ ವಿಧಾನಸೌಧವನ್ನು 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಉದ್ಘಾಟಿಸಿದರು.