ಹಾಳೆ ನಮಗೆ ಗೊತ್ತಿದ್ದದ್ದೇ, ಸುತ್ತುವುದಷ್ಟೇ ಹೊಸದು

ಥಾಯ್ ಶೈಲಿಯ ಕೋಲ್ಡ್ ಸ್ಪ್ರಿಂಗ್ ರೋಲ್‌ಗೆ ಕರಿಯುವ ಬಾಣಲೆ ಬೇಡ, ಲೀಟರುಗಟ್ಟಲೆ ಎಣ್ಣೆ ಬೇಡ. ಒಳಗಿನ ಹಸಿರು ಹೊರಗೆ ಕಾಣುವಷ್ಟು ತೆಳುವಾದ ಅಕ್ಕಿ ಹಾಳೆಯಲ್ಲಿ ಸೌತೆಕಾಯಿ, ಕ್ಯಾರೆಟ್, ಪುದೀನ, ಕೊತ್ತಂಬರಿ ಮತ್ತು ಒಂದಿಷ್ಟು ಅಕ್ಕಿ ಶಾವಿಗೆ ಇಟ್ಟು ಬಿಗಿಯಾಗಿ ಸುತ್ತಿ, ಹುಳಿ, ಸಿಹಿ, ಖಾರ ಕೂಡಿದ ಗೊಜ್ಜಿನಲ್ಲಿ ಅದ್ದಿ ತಿಂದರಾಯಿತು. ಮನೆಯಲ್ಲೇ ಮಾಡಿ ನೋಡೋಣ ಎಂದು ಹೊರಟವರು ಮೊದಲು ಹುಡುಕುವುದು ರೈಸ್ ಪೇಪರ್ ಪೊಟ್ಟಣವನ್ನು. ಊರಿನ ಅಂಗಡಿಯಲ್ಲಿ ಅದು ಸಿಗದಿದ್ದರೆ ಆಸೆಯೂ ಅಲ್ಲಿಗೇ ನಿಲ್ಲುತ್ತದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಮನೆಗಳಲ್ಲಿ ಮಾತ್ರ ಅದು ಹಾಗೆ ನಿಲ್ಲಬೇಕಾಗಿಲ್ಲ. ಈ ತಿನಿಸಿನಲ್ಲಿ ನಿಜಕ್ಕೂ ಕಷ್ಟದ ಭಾಗವೆಂದರೆ ಅಕ್ಕಿ ಹಿಟ್ಟನ್ನು ತೆಳುವಾಗಿ ಹರಡಿ, ಹಬೆಯಲ್ಲಿ ಬೇಯಿಸಿ, ಹರಿಯದಂತೆ ಬಿಡಿಸುವುದು. ಅದು ಈ ಸೀಮೆಯ ಅಡುಗೆಮನೆಗೆ ಹಳೆಯ ವಿದ್ಯೆ.

ಹಾಗೆ ನೋಡಿದರೆ ಥಾಯ್ಲೆಂಡಿನಲ್ಲೂ ಈ ರೋಲ್ ಒಂದೇ ಊರಿನ ಸೊತ್ತಲ್ಲ. ಅಲ್ಲಿನ ಪೇಟೆಗಳ ಹಳೆಯ ತಣ್ಣನೆಯ ರೋಲ್ ದಕ್ಷಿಣ ಚೀನಾದಿಂದ ವಲಸೆ ಬಂದವರ ಕೊಡುಗೆ. ಅದರ ಹೊದಿಕೆ ಗೋಧಿ ಹಿಟ್ಟಿನದು, ಮೇಲೆ ಸುರಿಯುವುದು ಹುಣಸೆ ಮತ್ತು ಬೆಲ್ಲದ ಗಟ್ಟಿ ಗೊಜ್ಜು. ಪಾರದರ್ಶಕ ಅಕ್ಕಿ ಹಾಳೆಯ ರೋಲ್ ವಿಯೆಟ್ನಾಂ ಮೂಲದ್ದು. ಥಾಯ್ಲೆಂಡಿನ ಈಶಾನ್ಯ ಭಾಗದಲ್ಲಿ ನೆಲೆಸಿದ ವಿಯೆಟ್ನಾಮಿ ಕುಟುಂಬಗಳ ಅಡುಗೆ ಅಲ್ಲಿನವರಿಗೂ ಒಗ್ಗಿಹೋಗಿದೆ. ಥಾಯ್ ಜನರಲ್ಲೇ ಇನ್ನೊಂದು ಪದ್ಧತಿಯೂ ಇದೆ. ಕುದಿಯುವ ನೀರಿನ ಪಾತ್ರೆಯ ಬಾಯಿಗೆ ಬಟ್ಟೆಯನ್ನು ಬಿಗಿದು ಕಟ್ಟಿ, ಅದರ ಮೇಲೆ ಅಕ್ಕಿ ಹಿಟ್ಟು ಹರಡಿ, ಮುಚ್ಚಳ ಮುಚ್ಚಿ ಬೇಯಿಸಿ, ಹೂರಣವಿಟ್ಟು ಮಡಿಸುತ್ತಾರೆ. ಇಷ್ಟು ಕಡೆಯಿಂದ ಬಂದು ಕೂಡಿದ ತಿನಿಸು ಇನ್ನೊಂದು ಅಕ್ಕಿ ಸೀಮೆಯಲ್ಲಿ ಅಲ್ಲಿನ ಪದಾರ್ಥಗಳಿಂದಲೇ ತಯಾರಾದರೆ ಅದರ ಜಾತಿ ಕೆಡುವುದಿಲ್ಲ.

ಇಲ್ಲಿನದು ಅಂಥದೇ ಅಕ್ಕಿ ಸೀಮೆ. ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿಯಿತು. ಅದಕ್ಕೂ ಎಷ್ಟೋ ಮೊದಲೇ ಅರಕಲಗೂಡು ತಾಲ್ಲೂಕಿನ ಕಟ್ಟೇಪುರದಲ್ಲಿ ಕಾವೇರಿಗೆ ಕಟ್ಟಿದ ಅಣೆಕಟ್ಟೆಯ ನಾಲೆಗಳು ಗದ್ದೆಗಳಿಗೆ ನೀರುಣಿಸುತ್ತಿದ್ದವು. ಮೈಸೂರು ಅರಸರ ಊಟಕ್ಕೆ ಹೋಗುತ್ತಿತ್ತೆಂದು ಹೆಸರಾದ ರಾಜಮುಡಿ ಭತ್ತವನ್ನು ಹೊಳೆನರಸೀಪುರ, ಅರಕಲಗೂಡಿನ ಕಡೆ ಬೆಳೆಯುತ್ತಾರೆ. ಅಕ್ಕಿಯ ಜೊತೆ ಕೈಚಳಕವೂ ಇಲ್ಲಿದೆ. ಬೆಂದ ಅಕ್ಕಿ ಹಿಟ್ಟಿನ ಮುದ್ದೆಯನ್ನು ಶಾವಿಗೆ ಒರಳಿಗೆ ಹಾಕಿ ಒತ್ತಿ, ಕಾಯಿಹಾಲು, ಬೆಲ್ಲದೊಡನೆ ಬಡಿಸುವ ಒತ್ತು ಶಾವಿಗೆ ಇಲ್ಲಿಯ ಹಬ್ಬದ, ನೆಂಟರ ಊಟ. ರೋಲ್‌ನೊಳಗೆ ಇಡುವ ಶಾವಿಗೆ ಇದರ ಹತ್ತಿರದ ಬಂಧು. ಬೇಸಿಗೆಯಲ್ಲಿ ತಟ್ಟೆಗೆ ಹಿಟ್ಟು ಹರಡಿ, ಹಬೆ ಕೊಟ್ಟು, ಬಿಡಿಸಿ ಒಣಗಿಸುವ ಅಕ್ಕಿ ಹಪ್ಪಳ ಇನ್ನೂ ಹತ್ತಿರದ್ದು. ವಿಯೆಟ್ನಾಮಿನ ಹಳ್ಳಿಗಳಲ್ಲಿ ಇದೇ ಕೆಲಸವನ್ನು ಬಟ್ಟೆಯ ಮೇಲೆ ಮಾಡಿ ಬಿದಿರಿನ ಚಾಪೆಯ ಮೇಲೆ ಒಣಹಾಕುತ್ತಾರೆ. ಒಣಗಿದ ಹಾಳೆಯ ಮೇಲೆ ಚಾಪೆಯ ಹೆಣಿಗೆ ಅಚ್ಚೊತ್ತಿರುತ್ತದೆ. ನಾವು ಒಣಗಿದ್ದನ್ನು ಎಣ್ಣೆಗೆ ಬಿಡುತ್ತೇವೆ, ಅವರು ನೀರಿನಲ್ಲಿ ಅದ್ದುತ್ತಾರೆ. ಎರಡು ಕಸುಬುಗಳ ದಾರಿ ಮುಖ್ಯವಾಗಿ ಬೇರೆಯಾಗುವುದು ಈ ಕೊನೆಯ ಹಂತದಲ್ಲಿ.

ಹಾಗಾದರೆ ಹಪ್ಪಳವನ್ನೇ ನೆನೆಸಿ ಸುತ್ತಬಹುದಲ್ಲ ಎಂದರೆ, ಆಗುವುದಿಲ್ಲ. ಬರೀ ಅಕ್ಕಿಯ ಹಾಳೆ ಮಡಿಕೆಯಲ್ಲಿ ಸೀಳುತ್ತದೆ. ಅದಕ್ಕೆ ಎಳೆತ ಬರಲೆಂದೇ ಅಂಗಡಿಯ ರೈಸ್ ಪೇಪರ್‌ಗೆ ಮರಗೆಣಸಿನ ಪಿಷ್ಟ ಸೇರಿಸಿರುತ್ತಾರೆ. ಆ ಪಿಷ್ಟ ನಮ್ಮ ಡಬ್ಬಿಯಲ್ಲೂ ಇದೆ: ಸಬ್ಬಕ್ಕಿ. ಮೂರು ಪಾಲು ಹಳೆಯ ಬಿಳಿ ಅಕ್ಕಿಗೆ ಒಂದು ಪಾಲು ಸಬ್ಬಕ್ಕಿ ನೆನೆಹಾಕಿ, ತರಿ ಉಳಿಯದಂತೆ ರುಬ್ಬಿ, ಉಪ್ಪು ಹಾಕಿ, ನೀರುದೋಸೆ ಹಿಟ್ಟಿನಷ್ಟು ತೆಳ್ಳಗೆ ಮಾಡಿಕೊಳ್ಳಬೇಕು. ಹೊಸ ಅಕ್ಕಿಯಾದರೆ ಅಂಟು ಹೆಚ್ಚಾಗಿ ಹಾಳೆ ತಟ್ಟೆ ಬಿಡುವುದಿಲ್ಲ. ತೌಡು ತೆಗೆಯದ ರಾಜಮುಡಿಯೊಂದನ್ನೇ ಬಳಸಿದರೆ ತೌಡಿನ ಚೂರುಗಳಿರುವಲ್ಲಿ ಹಾಳೆ ಹರಿಯುತ್ತದೆ. ಬಣ್ಣ, ರುಚಿಗಾಗಿ ಸ್ವಲ್ಪ ಬೆರೆಸಿಕೊಳ್ಳಬಹುದು. ಎಣ್ಣೆ ಸವರಿದ ಅಗಲ ತಟ್ಟೆಗೆ ಒಂದು ಸೌಟು ಹಿಟ್ಟು ಹಾಕಿ, ತಟ್ಟೆಯನ್ನು ಓಲಾಡಿಸಿ ಹರಡಿ, ಕುದಿಯುವ ನೀರಿನ ಮೇಲಿಟ್ಟು ಮುಚ್ಚಬೇಕು. ಹಿಟ್ಟಿನ ಬಿಳುಪು ಹೋಗಿ ಹಾಳೆ ಮಿರುಗತೊಡಗಿದರೆ ಬೆಂದಿತೆಂದು ಅರ್ಥ. ಕೊಂಚ ಆರಿದ ಮೇಲೆ ಅಂಚಿನಿಂದ ಬಿಡಿಸಿದರೆ ಒಣಗಿಸುವ, ನೆನೆಸುವ ಗೋಜಿಲ್ಲದೆ ಆಗಲೇ ಸುತ್ತಬಹುದು.

ಒಳಗೆ ತುಂಬುವ ವಿಷಯದಲ್ಲಿ ಕೋಸಂಬರಿಯೇ ಗುರು. ಉಪ್ಪು ಬಿದ್ದ ಸೌತೆಕಾಯಿ ನೀರು ಬಿಡುತ್ತದೆಂದು ಕೋಸಂಬರಿಗೆ ಬಡಿಸುವ ಹೊತ್ತಿಗೆ ಉಪ್ಪು ಬೆರೆಸುತ್ತೇವೆ. ರೋಲ್‌ನ ತರಕಾರಿಗಂತೂ ಉಪ್ಪನ್ನೇ ಹಾಕಬಾರದು. ನೀರೊಡೆದರೆ ಹಾಳೆ ಕರಗಿ ಕೈಗೆ ಬರುತ್ತದೆ. ಉಪ್ಪೆಲ್ಲ ಗೊಜ್ಜಿನಲ್ಲಿರಲಿ. ಸೌತೆಕಾಯಿಯ ತಿರುಳು ತೆಗೆದು ಉದ್ದಕ್ಕೆ ಹೆಚ್ಚಬೇಕು, ತೊಳೆದ ಸೊಪ್ಪನ್ನು ಬಟ್ಟೆಯಲ್ಲಿ ಒತ್ತಿ ಒಣಗಿಸಬೇಕು. ಹಾಳೆಯ ಕೆಳಗಿನ ಮೂರನೇ ಒಂದು ಭಾಗದಲ್ಲಿ ತರಕಾರಿ ಇಟ್ಟು, ಒಮ್ಮೆ ಸುತ್ತಿ, ಎರಡೂ ಬದಿ ಒಳಗೆ ಮಡಿಸಿ, ಮತ್ತೆ ಸುತ್ತಿದರೆ ಅಂಟಿಲ್ಲದೆಯೇ ನಿಲ್ಲುತ್ತದೆ. ಗೊಜ್ಜಿಗೆ ಹುಣಸೆ ರಸ, ಬೆಲ್ಲ, ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಹುರಿದ ಕಡಲೆಕಾಯಿಯ ತರಿ ಸಾಕು. ಥಾಯ್ ಅಡುಗೆಯ ಮೀನಿನ ಸಾಸ್ ಇಲ್ಲದೆ ಘಾಟು ಕಡಿಮೆಯಾದೀತು, ಹುಳಿ ಮತ್ತು ಸಿಹಿಯ ಹದಕ್ಕೆ ಕೊರತೆಯಿಲ್ಲ.

ಹಸಿ ಸೊಪ್ಪು, ತರಕಾರಿಯನ್ನು ನಂಬುವುದು ಹೇಗೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಮಳೆಗಾಲದಲ್ಲಿ ಮಣ್ಣು ಅಂಟಿದ ಸೊಪ್ಪನ್ನು ಎಲೆ ಎಲೆಯಾಗಿ ಹರಿಯುವ ನೀರಿನಲ್ಲಿ ತೊಳೆಯಲೇಬೇಕು. ಮೊಳಕೆ ಹೆಸರುಕಾಳನ್ನು ಹಸಿಯಾಗಿ ಹಾಕದೆ ಚೆನ್ನಾಗಿ ಬೇಯಿಸಿಕೊಳ್ಳುವುದು ಕ್ಷೇಮ. ಬೆಂದ ಶಾವಿಗೆಯನ್ನು ಗಂಟೆಗಟ್ಟಲೆ ಹೊರಗಿಟ್ಟರೆ ಅದರಲ್ಲೂ ಸೂಕ್ಷ್ಮಾಣುಗಳು ಬೆಳೆಯುತ್ತವೆ. ಫ್ರಿಜ್‌ನಲ್ಲಿಟ್ಟರೆ ಹಾಳೆ ಬಿರುಸಾಗುತ್ತದೆ. ಆದ್ದರಿಂದ ಇದು ಬೆಳಗ್ಗೆ ಮಾಡಿ ಮಧ್ಯಾಹ್ನದ ಡಬ್ಬಿಗೆ ಹಾಕುವ ತಿಂಡಿಯಲ್ಲ, ಮಾಡಿದ ಕೂಡಲೇ ತಿನ್ನಬೇಕಾದದ್ದು. ಪೊಟ್ಟಣವೇ ಸುಲಭ ಎನ್ನುವವರ ಮಾತೂ ಸರಿಯೇ. ಹತ್ತು ಜನ ನೆಂಟರಿದ್ದಾಗ ಒಂದೊಂದೇ ಹಾಳೆಗೆ ಹಬೆ ಕೊಡುತ್ತ ಕೂರಲಾಗದು. ಪೊಟ್ಟಣದ ಹಾಳೆ ಇನ್ನೂ ತೆಳ್ಳಗೆ, ಒಂದೇ ಸಮನಾಗಿಯೂ ಇರುತ್ತದೆ. ಆದರೆ ಆಗತಾನೆ ಹಬೆಯಿಂದ ಇಳಿಸಿದ ಹಾಳೆಯ ಮೃದುತ್ವ, ಅಕ್ಕಿಯ ಘಮ ಅದಕ್ಕೆ ಬರುವುದಿಲ್ಲ.

ನಮ್ಮಲ್ಲಿ ಒತ್ತು ಶಾವಿಗೆ ಇರುವಾಗ ಈ ಹೊಸ ಶೋಕಿ ಯಾಕೆ ಎಂದು ಕೇಳುವವರ ಕಾಳಜಿ ನ್ಯಾಯವಾದದ್ದು. ಆದರೆ ಕಸುಬು ಉಳಿಯುವುದು ಬಳಕೆಯಿಂದ. ಹಬ್ಬಕ್ಕೊಮ್ಮೆ ಅಟ್ಟದಿಂದಿಳಿಯುವ ಒರಳು, ಬೇಸಿಗೆ ಮುಗಿದೊಡನೆ ಮೂಲೆ ಸೇರುವ ಹಪ್ಪಳದ ತಟ್ಟೆ ವರ್ಷದಲ್ಲಿ ಇನ್ನಷ್ಟು ಸಲ ಒಲೆಯ ಬಳಿ ಬರಲು ಇದೊಂದು ಕಾರಣವಾಗುತ್ತದೆ. ಹೊಸ ತಿನಿಸಿನ ಆಸೆಯಿಂದ ಬಂದ ಮಕ್ಕಳು ಹಿಟ್ಟಿನ ಹದವನ್ನು ಅಜ್ಜಿಯಿಂದಲೇ ಕಲಿಯಬೇಕಾಗುತ್ತದೆ. ಆ ಹದ ಕೈಗೆ ಬಂದವರಿಗೆ ಹಪ್ಪಳವೂ ಬರುತ್ತದೆ, ಶಾವಿಗೆಯೂ ಒಲಿಯುತ್ತದೆ. ಹೊರಗಿನ ತಿಂಡಿಯೊಂದನ್ನು ಇಲ್ಲಿನ ಅಕ್ಕಿಯಿಂದ, ಇಲ್ಲಿನ ಕೈಗಳಿಂದ ಮಾಡಿದರೆ ನಮ್ಮ ಅಡುಗೆ ಕಳೆದುಕೊಳ್ಳುವುದೇನೂ ಇಲ್ಲ. ಇರುವ ವಿದ್ಯೆಗೆ ಇನ್ನೊಂದು ಉಪಯೋಗ ಸಿಗುತ್ತದೆ.