ದಲ್ಲಾಳಿ ತೋರಿಸುವ ಮನೆ, ಪತ್ರ ತೋರಿಸುವ ಮನೆ

(ಬಾನುಲಿ ಭಾಷಣ)

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ನಮ್ಮ ಹಿರಿಯರು ‘ಮನೆ ಕೊಂಡು ನೋಡು’ ಎಂದು ಹೇಳಲಿಲ್ಲ. ಅವರ ಪಾಲಿಗೆ ಮನೆಯೆಂಬುದು ಕಟ್ಟತಕ್ಕ ವಸ್ತು, ಇಲ್ಲವೆ ಹಿರಿಯರಿಂದ ಬರತಕ್ಕ ವಸ್ತು. ಬೇರೊಬ್ಬರು ಕಟ್ಟಿ, ಬಾಳಿ, ಬಿಟ್ಟ ಮನೆಗೆ ಹಣ ತೆತ್ತು ಒಳಹೊಗುವುದು ಅವರಿಗೆ ಗಾದೆ ಮಾಡುವಷ್ಟು ಪರಿಚಿತವಾದ ಸಂಗತಿಯಾಗಿರಲಿಲ್ಲವೆಂದು ತೋರುತ್ತದೆ. ಇಂದು ಮೈಸೂರು, ಹುಬ್ಬಳ್ಳಿ, ಶಿವಮೊಗ್ಗಗಳಂತಹ ಊರುಗಳಲ್ಲಿಯೂ ಹೀಗೆ ಕೊಳ್ಳುವವರನ್ನು ಎಲ್ಲೆಡೆ ಕಾಣುತ್ತೇವೆ. ಕಟ್ಟುವವನಿಗೆ ಮೇಸ್ತ್ರಿ ಎದುರಾಗುತ್ತಿದ್ದ. ಕೊಳ್ಳುವವನಿಗೆ ಎದುರಾಗುವವನು ದಲ್ಲಾಳಿ.

ಈ ಶಬ್ದಕ್ಕೆ ನಮ್ಮಲ್ಲಿ ಮರ್ಯಾದೆ ಕಡಿಮೆ. ಅದಕ್ಕಾಗಿಯೇ ಅವರು ತಮ್ಮನ್ನು ಏಜೆಂಟ್ ಎಂದೋ ಸಲಹೆಗಾರರೆಂದೋ ಕರೆದುಕೊಳ್ಳುತ್ತಾರೆ. ಆದರೆ ಅರಬ್ಬಿಯಲ್ಲಿ ಹುಟ್ಟಿ, ಪಾರಸಿ ಉರ್ದುಗಳನ್ನು ಹಾದು ನಮ್ಮಲ್ಲಿಗೆ ಬಂದ ಈ ಮಾತಿನ ಧಾತುವಿನಲ್ಲಿ ‘ದಾರಿ ತೋರಿಸುವುದು’ ಎಂಬ ಅರ್ಥವಿದೆ. ನನ್ನ ಮಟ್ಟಿಗೆ ಇದು ಒಳ್ಳೆಯ ಅರ್ಥ, ಅಷ್ಟೇ ಅಲ್ಲ, ಅಳತೆಗೆ ಸರಿಯಾದ ಅರ್ಥ. ಆತ ತೋರಿಸುವವನು. ಮನೆಯನ್ನು ತೋರಿಸಬಲ್ಲ, ಮಾಲೀಕನನ್ನು ತೋರಿಸಬಲ್ಲ, ಕಚೇರಿಯ ಬಾಗಿಲನ್ನು ತೋರಿಸಬಲ್ಲ. ಮನೆಯ ಮೇಲಿನ ಹಕ್ಕನ್ನು ಮಾತ್ರ ಆತ ಕೊಡಲಾರ. ಅದು ಪತ್ರದಿಂದ ಬರಬೇಕು. ಈ ಎರಡರ ನಡುವಿನ ಅಂತರವನ್ನು ಮರೆತವರು ಜೀವಮಾನದ ಗಳಿಕೆಯನ್ನು ಕೈಬಿಟ್ಟದ್ದುಂಟು.

ದಲ್ಲಾಳಿಯನ್ನು ಮೊದಲು ಕೇಳಬೇಕಾದ ಪ್ರಶ್ನೆ ಮನೆಯ ಬೆಲೆ ಎಷ್ಟು ಎಂಬುದಲ್ಲ, ‘ನೀವು ಯಾರ ಕಡೆಯವರು?’ ಎಂಬುದು. ನಮ್ಮ ಊರುಗಳಲ್ಲಿ ಆತ ಸಾಮಾನ್ಯವಾಗಿ ಮಾರುವವನಿಂದಲೂ ಕೊಳ್ಳುವವನಿಂದಲೂ ಶೇಕಡಾ 1 ಅಥವಾ 2ರಷ್ಟು ಪಡೆಯುತ್ತಾನೆ. ಇದರಲ್ಲಿ ಪಾಪವೇನೂ ಇಲ್ಲ. ಆದರೆ ಎರಡು ಕಡೆಯಿಂದಲೂ ಕೂಲಿ ಪಡೆಯುವವನಿಗೆ ಇರುವ ಆಸೆ ಒಂದೇ, ವ್ಯವಹಾರ ಮುಗಿಯಬೇಕೆಂಬುದು. ಬೆಲೆ ಏರಿದರೆ ಆತನ ಕೂಲಿಯೂ ಏರುತ್ತದೆಯಾದ್ದರಿಂದ ಬೆಲೆಯ ಚೌಕಾಸಿಯನ್ನು ಪೂರ್ತಿಯಾಗಿ ಆತನ ಕೈಗೆ ಒಪ್ಪಿಸುವುದು ವಿವೇಕವಲ್ಲ. 1872ರ ಕರಾರು ಕಾಯಿದೆಯಲ್ಲಿ ಪ್ರತಿನಿಧಿಯು ತನ್ನನ್ನು ನೇಮಿಸಿದವನಿಗೆ ಲೆಕ್ಕ ಒಪ್ಪಿಸಬೇಕೆಂಬ ವಿಧಿ ಇದೆ. ಯಾರು ಯಾರನ್ನು ನೇಮಿಸಿದರೆಂಬುದು ಮಾತಿನಲ್ಲಿಯೇ ತೇಲಿಹೋದರೆ ಆ ವಿಧಿಯನ್ನು ಹಿಡಿದು ಪ್ರಯೋಜನವಿಲ್ಲ. ಒಂದು ಹಾಳೆಯಲ್ಲಿ ಕೂಲಿ ಎಷ್ಟು, ಯಾವಾಗ, ಯಾವ ಕೆಲಸಕ್ಕೆ ಎಂಬುದನ್ನು ಬರೆದು ಇಬ್ಬರೂ ಸಹಿ ಮಾಡಿದರೆ ಸ್ನೇಹವೇನೂ ಕೆಡುವುದಿಲ್ಲ.

2016ರ ಸ್ಥಿರಾಸ್ತಿ ಕಾಯಿದೆ, ಜನರ ಬಾಯಲ್ಲಿ ರೇರಾ, ದಲ್ಲಾಳಿಗಳನ್ನೂ ನೋಂದಣಿಗೆ ಒಳಪಡಿಸಿದೆ. ಆದರೆ ಇಲ್ಲೊಂದು ತಿಳಿವಳಿಕೆ ಬೇಕು. ಆ ನೋಂದಣಿ ಬೇಕಾಗುವುದು ನಿರ್ಮಾಣಗಾರರು ಮಾರುವ, ಪ್ರಾಧಿಕಾರದಲ್ಲಿ ದಾಖಲಾದ ಯೋಜನೆಗಳ ವಿಷಯದಲ್ಲಿ. 500 ಚದರ ಮೀಟರನ್ನಾಗಲಿ 8 ಮನೆಗಳನ್ನಾಗಲಿ ಮೀರದ ಯೋಜನೆಗಳು ದಾಖಲಾಗಬೇಕಾದ ಅಗತ್ಯವೇ ಇಲ್ಲ. ಹೊಸ ಅಪಾರ್ಟ್‌ಮೆಂಟನ್ನು ಕೊಳ್ಳುವವರಿಗೆ ಈ ಕಾಯಿದೆ ದೊಡ್ಡ ಆಸರೆ. ನೋಂದಾಯಿತ ಕರಾರು ಆಗುವ ಮುನ್ನ ನಿರ್ಮಾಣಗಾರ ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ. ಆದರೆ ನಿವೃತ್ತ ಗುಮಾಸ್ತರೊಬ್ಬರ ಹಳೆಯ ಮನೆಯನ್ನು ಅವರ ಮಕ್ಕಳಿಂದ ಕೊಳ್ಳುವಾಗ ರೇರಾ ನಮ್ಮ ಬೆನ್ನಿಗೆ ನಿಲ್ಲುವುದಿಲ್ಲ. ಅಲ್ಲಿ ನಮಗಿರುವುದು ಪತ್ರಗಳು, ಅವುಗಳನ್ನು ಓದಬಲ್ಲ ಒಬ್ಬ ವಕೀಲರು, ಮತ್ತು ನಮ್ಮ ಸ್ವಂತ ಕಣ್ಣು.

ಮನೆಯನ್ನು ನೋಡುವ ಬಗೆಯನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. ದಲ್ಲಾಳಿ ಬೆಳಗಿನ ಹತ್ತು ಗಂಟೆಯ ಬಿಸಿಲಿನಲ್ಲಿ ತೋರಿಸಿದ್ದನ್ನು ನಾವು ಸಂಜೆಯಲ್ಲಿ ಒಮ್ಮೆ, ಮಳೆ ಬಂದ ಮರುದಿನ ಒಮ್ಮೆ, ಆತನಿಲ್ಲದೆ ನೋಡಿಬರಬೇಕು. ಹೊಸ ಸುಣ್ಣಬಣ್ಣ ಗೋಡೆಯ ತೇವವನ್ನು ಕೆಲವು ವಾರ ಮುಚ್ಚಿಡಬಲ್ಲುದು. ನಲ್ಲಿಯಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆಂಬುದನ್ನು ಪಕ್ಕದ ಮನೆಯ ಗೃಹಿಣಿಯಿಂದ ತಿಳಿಯಬೇಕೇ ಹೊರತು ಮಾರುವವನಿಂದಲ್ಲ.

ಇನ್ನು ಪತ್ರಗಳು. ಹಳಗನ್ನಡ ಪಾಠ ಹೇಳುತ್ತ ಶಾಸನಗಳನ್ನು ಓದಿಸಿದ ನನಗೆ ಕ್ರಯಪತ್ರವೆಂಬುದು ಅಪರಿಚಿತ ಪ್ರಕಾರವೆನಿಸಲಿಲ್ಲ. ಭೂದಾನದ ಶಾಸನಗಳಲ್ಲಿ ನಾಲ್ಕು ದಿಕ್ಕಿನ ಎಲ್ಲೆಗಳನ್ನು ಹೇಳುತ್ತಾರೆ; ಹಳ್ಳ, ಹುಣಸೆ, ನೆಟ್ಟ ಕಲ್ಲು ಹೀಗೆ. ಇಂದಿನ ಕ್ರಯಪತ್ರದ ಚಕ್ಕುಬಂದಿಯೂ ಅದೇ: ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥ ಸಂಖ್ಯೆಯ ನಿವೇಶನ. ‘ಸರ್ವಬಾಧಾಪರಿಹಾರ’ವಾಗಿ ಕೊಟ್ಟೆವು ಎಂದು ಶಾಸನಗಳು ಹೇಳಿದರೆ, ಇಂದಿನ ಪತ್ರ ‘ಯಾವುದೇ ಋಣಭಾರವಿರುವುದಿಲ್ಲ’ ಎನ್ನುತ್ತದೆ. ವ್ಯತ್ಯಾಸವೆಂದರೆ ಶಾಸನ ಕಲ್ಲಿನ ಮೇಲೆ ಊರವರ ಕಣ್ಣೆದುರು ನಿಂತಿರುತ್ತಿತ್ತು. ಇಂದಿನ ಮಾತನ್ನು ನಾವೇ ಹೋಗಿ ಪರೀಕ್ಷಿಸಬೇಕು. ಪತ್ರದ ಚಕ್ಕುಬಂದಿಯನ್ನು ಕೈಯಲ್ಲಿ ಹಿಡಿದು ಸ್ಥಳದಲ್ಲಿ ನಿಂತು ಅಳೆಯುವ ಕೊಳ್ಳುಗರು ಎಷ್ಟು ಮಂದಿಯೋ ನಾನರಿಯೆ. ಟೇಪಿನ ಬೆಲೆ ಮಾತ್ರ ಅತ್ಯಲ್ಪ.

ಎರಡು ಪತ್ರಗಳ ವಿಷಯದಲ್ಲಿ ಜನರಲ್ಲಿ ಭ್ರಮೆ ಬಹಳ. ಒಂದು ಖಾತೆ. ಖಾತೆ ಯಾರ ಹೆಸರಿನಲ್ಲಿದೆಯೋ ಅವರೇ ಮಾಲೀಕರೆಂದು ದಲ್ಲಾಳಿ ಹೇಳುತ್ತಾನೆ. ಆದರೆ ಅದು ಕಂದಾಯ ಕಟ್ಟುವವರ ಹೆಸರನ್ನು ಹೇಳುವ ದಾಖಲೆ. ಹಕ್ಕನ್ನು ಹುಟ್ಟಿಸುವ ಪತ್ರವಲ್ಲ. 2024ರ ಅಕ್ಟೋಬರಿನಿಂದ ನಗರದ ಸ್ವತ್ತುಗಳ ನೋಂದಣಿಗೆ ಇ-ಖಾತಾ ಬೇಕೇಬೇಕೆಂದು ಮಾಡಿದ್ದಾರೆ. ಅದು ಒಳ್ಳೆಯದೇ, ಆದರೆ ಅಗತ್ಯವಾದದ್ದೆಲ್ಲ ಸಾಕಾದದ್ದಲ್ಲ. ಎರಡನೆಯದು ಋಣಭಾರ ಪತ್ರ, ಎಲ್ಲರೂ ಇ.ಸಿ. ಎನ್ನುವುದು. ಆ ಸ್ವತ್ತಿನ ಬಗ್ಗೆ ನೋಂದಣಿಯಾದ ಕ್ರಯ, ಅಡಮಾನ, ವಿಭಾಗ ಮೊದಲಾದವು ಅದರಲ್ಲಿ ಕಾಣುತ್ತವೆ. 2004ರ ಏಪ್ರಿಲ್‌ನಿಂದ ಈಚಿನವು ‘ಕಾವೇರಿ’ ತಂತ್ರಾಂಶದಲ್ಲಿಯೇ ದೊರೆಯುತ್ತವೆ. ಅದಕ್ಕೂ ಹಿಂದಿನವಕ್ಕೆ ಉಪನೋಂದಣಾಧಿಕಾರಿಗಳ ಕಚೇರಿಗೆ ಅರ್ಜಿ ಹಾಕಬೇಕು. ದಲ್ಲಾಳಿಗಳು ಹದಿಮೂರು ವರ್ಷದ ಇ.ಸಿ. ಸಾಕೆನ್ನುತ್ತಾರೆ, ನಾನು ಮೂವತ್ತು ವರ್ಷದ್ದನ್ನು ಕೇಳಿರೆಂದು ಹೇಳುತ್ತೇನೆ. ಅಷ್ಟಾದರೂ ಅದು ನೋಂದಣಿಯಾದದ್ದನ್ನಷ್ಟೇ ಹೇಳುವ ಅನುಕ್ರಮಣಿಕೆ. ಒಂದು ಮರಣಶಾಸನ, ಒಂದು ವ್ಯಾಜ್ಯ, ತವರಿನಿಂದ ದೂರವಿರುವ ಒಬ್ಬ ಮಗಳು, ಇವು ಅದರಲ್ಲಿ ಕಾಣುವುದಿಲ್ಲ.

ಮಗಳೆಂದೆ. 2023ರಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು, ಪ್ರೌಢಶಾಲೆಯ ಉಪಾಧ್ಯಾಯರು, ಮೈಸೂರಿನ ಕುವೆಂಪುನಗರದಲ್ಲಿ ಒಂದು ಮನೆಯ ವ್ಯವಹಾರ ಕುದುರಿಸಿ ಪತ್ರಗಳನ್ನು ನನಗೆ ತಂದು ತೋರಿಸಿದರು. ಭವಿಷ್ಯನಿಧಿಯ ಹಣವೂ ಬ್ಯಾಂಕಿನ ಸಾಲವೂ ಸೇರಿ ಕೊಳ್ಳತಕ್ಕ ಮನೆ. ತಂದೆ ತನ್ನ ಹೆಸರಿಗೆ ಹಂಚಿಕೆಯಾದ ನಿವೇಶನದಲ್ಲಿ ಕಟ್ಟಿದ್ದು. ತಂದೆ ತಾಯಿ ಇಬ್ಬರೂ ಮರಣಶಾಸನವಿಲ್ಲದೆ ತೀರಿಕೊಂಡಿದ್ದರು. ಖಾತೆ ಇಬ್ಬರು ಗಂಡುಮಕ್ಕಳ ಹೆಸರಿಗೆ ಆಗಿತ್ತು. ಇ.ಸಿ.ಯಲ್ಲಿ ಕಲೆಯೊಂದಿಲ್ಲ. ವಂಶವೃಕ್ಷದಲ್ಲಿ ಎರಡೇ ಕೊಂಬೆ. ಎಲ್ಲವೂ ಸರಿಯೆಂದು ತೋರಿತು. ಮನೆಯನ್ನು ಒಮ್ಮೆ ನೋಡೋಣವೆಂದು ಹೋದೆವು. ಗೇಟಿನ ಪಕ್ಕದಲ್ಲಿ ಕಪ್ಪುಕಲ್ಲಿನ ಫಲಕ. ಅದರಲ್ಲಿ ಒಂದು ಹೆಣ್ಣಿನ ಹೆಸರು, ಮುಂದೆ ‘ನಿಲಯ’. ತಾಯಿಯ ಹೆಸರು ಪತ್ರದಲ್ಲಿ ಬೇರೆ ಇತ್ತು. ಇದು ಯಾರ ಹೆಸರೆಂದು ಕೇಳಿದೆ.

ದಲ್ಲಾಳಿ ಮುಚ್ಚಿಡಲಿಲ್ಲ. “ಅದು ಅವರ ತಂಗಿ ಹೆಸರು ಸಾರ್. ಅವರದ್ದೆಲ್ಲ ಮದುವೇಲೇ ಆಗೋಯ್ತು, ಒಡವೆ-ವಸ್ತ್ರ ಕೊಟ್ಟು ಕಳಿಸಿದ್ದಾರೆ. ಈಗಲೂ ಗೌರಿ ಹಬ್ಬಕ್ಕೆ ಬಾಗಿನದ ದುಡ್ಡು ತಪ್ಪಿಸಲ್ಲ” ಎಂದರು. ಆ ದನಿಯಲ್ಲಿ ಮೋಸವಿರಲಿಲ್ಲ, ಲೋಕರೂಢಿ ಇತ್ತು. ಆದರೆ ರೂಢಿ ಬೇರೆ, ಹಕ್ಕು ಬೇರೆ. ಹಿಂದೂ ತಂದೆಯ ಸ್ವಯಾರ್ಜಿತ ಸ್ವತ್ತಿನಲ್ಲಿ ಮಗಳಿಗೆ ಮಗನಷ್ಟೇ ಪಾಲನ್ನು 1956ರ ಉತ್ತರಾಧಿಕಾರ ಕಾಯಿದೆಯೇ ಕೊಟ್ಟಿತು. ಪಿತ್ರಾರ್ಜಿತದಲ್ಲಿ ಮಗಳನ್ನು ಹುಟ್ಟಿನಿಂದಲೇ ಪಾಲುದಾರಳನ್ನಾಗಿ ಮಾಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ಬಂದಿತು; 2005ರಲ್ಲಿ ತಂದೆ ಬದುಕಿರಬೇಕಾಗಿರಲಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಸ್ಪಷ್ಟಪಡಿಸಿತು. ಬಾಗಿನದಿಂದ ಪಾಲು ತೀರುವುದಿಲ್ಲ. ಇಬ್ಬರು ಅಣ್ಣಂದಿರ ಸಹಿಯಿಂದ ನಮ್ಮ ಉಪಾಧ್ಯಾಯರಿಗೆ ದಕ್ಕುತ್ತಿದ್ದದ್ದು ಮೂರರಲ್ಲಿ ಎರಡು ಪಾಲು; ತೆರುತ್ತಿದ್ದದ್ದು ಪೂರ್ತಿ ಮನೆಯ ಬೆಲೆ. ಮುಂದೆಂದಾದರೂ ಆಕೆಯೋ ಆಕೆಯ ಮಕ್ಕಳೋ ವಿಭಾಗದ ದಾವೆ ಹೂಡಿದ್ದರೆ ನ್ಯಾಯ ಅವರ ಕಡೆಗಿರುತ್ತಿತ್ತು. ಸಾಲದ ಕಂತು ಮಾತ್ರ ಇವರ ಕಡೆಗೆ.

ಆಕೆ ಶಿವಮೊಗ್ಗದಲ್ಲಿದ್ದರು. ಅಣ್ಣಂದಿರೊಡನೆ ಮಾತು ನಿಂತು ಕೆಲವು ವರ್ಷಗಳಾಗಿದ್ದವಂತೆ. ಇಲ್ಲಿ ದಲ್ಲಾಳಿಯ ಗುಣವನ್ನು ಹೇಳಲೇಬೇಕು. ಆ ಮನುಷ್ಯ ತನ್ನ ಖರ್ಚಿನಲ್ಲಿ ಎರಡು ಸಲ ಶಿವಮೊಗ್ಗಕ್ಕೆ ಹೋಗಿ, ಅಣ್ಣಂದಿರ ಬಿಂಕವನ್ನೂ ತಂಗಿಯ ಮುನಿಸನ್ನೂ ಸಂಭಾಳಿಸಿ, ಮೂವರನ್ನೂ ಒಂದೇ ಮೇಜಿನ ಮುಂದೆ ಕೂರಿಸಿದರು. ವಕೀಲರ ನೋಟೀಸಿನಿಂದ ಆಗದ ಕೆಲಸ ಅದು. ಆಕೆ ಹಕ್ಕುಬಿಡುಗಡೆ ಪತ್ರ ಬರೆದುಕೊಡಲು ಒಪ್ಪಲಿಲ್ಲ. ಮಾರುವವರಲ್ಲಿ ಒಬ್ಬಳಾಗಿಯೇ ಸಹಿ ಹಾಕಿ ತನ್ನ ಪಾಲಿನ ಹಣವನ್ನು ತನ್ನ ಹೆಸರಿನ ಚೆಕ್ಕಿನಲ್ಲಿ ಪಡೆದರು. ಕಲ್ಲಿನ ಫಲಕವನ್ನು ಬಿಚ್ಚಿಸಿಕೊಂಡು ಹೋದರೆಂದು ಆಮೇಲೆ ತಿಳಿಯಿತು.

ಮುಂಗಡದ ವಿಷಯಕ್ಕೆ ಬರುತ್ತೇನೆ. ವ್ಯವಹಾರವನ್ನು ಸ್ಥಿರಪಡಿಸಲು ಮೊದಲು ಕೊಡುವ ಹಣಕ್ಕೆ ಕನ್ನಡದಲ್ಲಿ ‘ಸಂಚಕಾರ’ವೆಂಬ ಹಳೆಯ ಮಾತಿದೆ. ಮಾತನ್ನು ಸತ್ಯ ಮಾಡುವುದೆಂಬ ಅರ್ಥದ ‘ಸತ್ಯಂಕಾರ’ದ ತದ್ಭವ ಅದು. ಇಂದು ಅದೇ ಶಬ್ದವನ್ನು ನಾವು ‘ಪ್ರಾಣಕ್ಕೆ ಸಂಚಕಾರ’ ಎನ್ನುವಾಗ ಅಪಾಯವೆಂಬ ಅರ್ಥದಲ್ಲಿ ಬಳಸುತ್ತೇವೆ. ಅರ್ಥ ಹೀಗೇಕೆ ತಿರುಗಿತೆಂಬುದನ್ನು ಭಾಷಾವಿಜ್ಞಾನಿಗಳು ಹೇಳಲಿ. ಪತ್ರ ನೋಡುವ ಮುನ್ನ ಹಣ ಕೊಟ್ಟವರಿಗೆ ವಿವರಣೆ ಬೇಕಾಗುವುದಿಲ್ಲ. ‘ಇನ್ನೊಬ್ಬರು ನಾಳೆ ಬೆಳಿಗ್ಗೆ ಬರುತ್ತಿದ್ದಾರೆ’ ಎಂಬ ದಲ್ಲಾಳಿಯ ಮಾತಿಗೆ ಬೆದರಿ ಟೋಕನ್ ಕೊಡಬಾರದು. ಕೊಡುವುದಾದರೆ ಮಾಲೀಕರ ಬ್ಯಾಂಕ್ ಖಾತೆಗೆ, ವಕೀಲರು ಪತ್ರಗಳನ್ನು ಒಪ್ಪದಿದ್ದಲ್ಲಿ ಹಿಂತಿರುಗಿಸತಕ್ಕದ್ದೆಂದು ಬರೆಸಿಕೊಂಡು. ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಹಣವನ್ನು ನಗದಾಗಿ ಪಡೆಯುವುದಕ್ಕೆ 2015ರಿಂದ ಕಾನೂನಿನ ತಡೆಯಿದೆ. ವಕೀಲರೂ ದಲ್ಲಾಳಿ ಗೊತ್ತುಮಾಡಿಕೊಟ್ಟವರಾಗಿರಬಾರದು. ಬ್ಯಾಂಕಿನ ವಕೀಲರು ನೋಡಿದ್ದಾರಲ್ಲ ಎನ್ನುವವರಿದ್ದಾರೆ. ಅವರು ಕಾಯುವುದು ಬ್ಯಾಂಕಿನ ಸಾಲವನ್ನು.

ಕ್ರಯದ ಕರಾರಿನಿಂದ ಮನೆ ನಮ್ಮದಾಗುವುದಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ ಪ್ರಕಾರ ಕರಾರು ಸ್ವತ್ತಿನಲ್ಲಿ ಯಾವ ಹಕ್ಕನ್ನೂ ಹುಟ್ಟಿಸದು. ಕರಾರು ಮತ್ತು ಜಿ.ಪಿ.ಎ. ಎರಡನ್ನು ಕೊಟ್ಟು ‘ಇದೇ ಕ್ರಯ’ವೆನ್ನುವ ಪದ್ಧತಿ ಅಲ್ಲಲ್ಲಿ ಇನ್ನೂ ಉಂಟು. ಅದು ಕ್ರಯವಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲಿಯೇ ತೀರ್ಪಿತ್ತಿದೆ. ನೋಂದಾಯಿತ ಕ್ರಯಪತ್ರ ಒಂದೇ ಹಾದಿ.

ಖರ್ಚಿನ ಲೆಕ್ಕವನ್ನು ದಲ್ಲಾಳಿಗಳು ಕೊನೆಯವರೆಗೆ ಹೇಳದಿರುವುದುಂಟು. ನಗರದಲ್ಲಿ 80 ಲಕ್ಷದ ಮನೆಯೆಂದುಕೊಳ್ಳಿ. ಮುದ್ರಾಂಕ ಶುಲ್ಕ ಶೇಕಡಾ 5ರಂತೆ 4 ಲಕ್ಷ. ಅದರ ಮೇಲಿನ ಉಪಕರ, ಅಧಿಭಾರಗಳು 48,000. ನೋಂದಣಿ ಶುಲ್ಕವನ್ನು 2025ರ ಆಗಸ್ಟ್ 31ರಿಂದ ಶೇಕಡಾ 1ರಿಂದ 2ಕ್ಕೆ ಏರಿಸಿದ್ದರಿಂದ ಅದು 1,60,000. ಒಟ್ಟು 6,08,000 ರೂಪಾಯಿ, ದಲ್ಲಾಳಿಯ ಕೂಲಿ, ವಕೀಲರ ಶುಲ್ಕ ಬೇರೆ. ಬೆಲೆ 50 ಲಕ್ಷ ಮುಟ್ಟಿದರೆ ಮಾರುವವರಿಗೆ ಕೊಡುವ ಹಣದಲ್ಲಿ ಶೇಕಡಾ 1ನ್ನು ಹಿಡಿದು ವರಮಾನ ತೆರಿಗೆಗೆ ಕಟ್ಟುವ ಹೊಣೆ ಕೊಳ್ಳುವವರದು. ಪತ್ರದಲ್ಲಿ ಬೆಲೆಯನ್ನು ಮಾರ್ಗಸೂಚಿ ದರಕ್ಕೆ ಇಳಿಸಿ ಬರೆಯೋಣ, ಉಳಿದದ್ದು ಕೈಗೆ ಕೊಡಿ ಎಂಬ ಸಲಹೆ ಈ ಘಟ್ಟದಲ್ಲಿಯೇ ಬರುತ್ತದೆ. ಅಪರಾಧವೆಂಬುದು ಹಾಗಿರಲಿ, ಹಕ್ಕಿನ ತಕರಾರೆದ್ದು ಹಣ ವಾಪಸು ಕೇಳುವ ದಿನ ಬಂದರೆ ನ್ಯಾಯಾಲಯ ನೋಡುವುದು ಪತ್ರದಲ್ಲಿ ಬರೆದ ಮೊತ್ತವನ್ನು.

ನೋಂದಣಿಯ ದಿನ ಮಾಡುವುದು ಈಗ ಹೆಚ್ಚಿಲ್ಲ. ಪತ್ರದ ಕರಡನ್ನು ಮೊದಲೇ ‘ಕಾವೇರಿ’ಯಲ್ಲಿ ಸಲ್ಲಿಸಿ ಸಮಯ ಗೊತ್ತುಮಾಡಿಕೊಂಡಿರುತ್ತಾರೆ, ಹೋಗಿ ಭಾವಚಿತ್ರ, ಬೆರಳಚ್ಚು, ಸಹಿ. ಆದ್ದರಿಂದ ಓದುವುದೆಲ್ಲ ಕರಡಿನಲ್ಲಿಯೇ ಆಗಬೇಕು. ಚಕ್ಕುಬಂದಿಯ ಒಂದು ಸಂಖ್ಯೆ ತಪ್ಪಿದರೂ ತಿದ್ದುಪಡಿ ಪತ್ರಕ್ಕಾಗಿ ಮಾರಿದವರನ್ನು ಮತ್ತೆ ಹುಡುಕಿಕೊಂಡು ಹೋಗಬೇಕಾಗುತ್ತದೆ.

ದಲ್ಲಾಳಿಯ ಕೂಲಿಯನ್ನು ಕರಾರಿನ ದಿನ ಅರ್ಧ, ನೋಂದಣಿಯ ದಿನ ಅರ್ಧ ಕೊಡುವುದು ರೂಢಿ. ಅದರಲ್ಲಿ ಸ್ವಲ್ಪವನ್ನು ಖಾತೆ ಬದಲಾವಣೆಯವರೆಗೆ ಉಳಿಸಿಕೊಳ್ಳುವುದು ಲೇಸು. ವಿದ್ಯುತ್ ಮೀಟರು, ನೀರಿನ ಸಂಪರ್ಕ, ಕಂದಾಯ ಇವೆಲ್ಲವೂ ಹೆಸರು ಬದಲಾಯಿಸಿಕೊಳ್ಳುವವರೆಗೆ ಆತನ ಓಡಾಟ ನಮಗೆ ಬೇಕು. ಹಿಂದಿನ ಮೂಲ ಪತ್ರಗಳನ್ನೆಲ್ಲ ಪಟ್ಟಿಮಾಡಿ ಪಡೆಯಬೇಕು. ಸಾಲಕ್ಕಾಗಿ ಅವನ್ನು ಬ್ಯಾಂಕಿಗೆ ಒಪ್ಪಿಸಿದರೆ ಅದರ ಸ್ವೀಕೃತಿಯನ್ನು ಜೋಪಾನವಾಗಿಡಬೇಕು. ಸಾಲ ತೀರಿದ 30 ದಿನಗಳೊಳಗೆ ಪತ್ರಗಳನ್ನು ಹಿಂತಿರುಗಿಸಬೇಕೆಂದೂ, ತಮ್ಮ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಕೊಡಬೇಕೆಂದೂ ರಿಸರ್ವ್ ಬ್ಯಾಂಕು 2023ರಲ್ಲಿ ಬ್ಯಾಂಕುಗಳಿಗೆ ಆದೇಶಿಸಿದೆ.